ಅಕ್ಕನ ಪಾಲಿನ ಓಲೆ

ಬಚ್ಚಲುಮನೆಯ ಚಿಲಕ ಹಾಕಿಕೊಂಡು ತಂಗಿ ಒಂದೊಂದು ಕೈಯಲ್ಲಿ ಒಂದೊಂದು ವಜ್ರದ ಓಲೆ ಹಿಡಿದು ದೀಪದ ಕೆಳಗೆ ನಿಂತಳು. ಕಣ್ಣಿಗೆ ಎರಡೂ ಒಂದೇ. ಹೊರಗೆ ಅವಳ ಮಗಳ ಮದುವೆಗೆ ಹೊರಡುವ ಗಡಿಬಿಡಿ; ಇಸ್ತ್ರಿಪೆಟ್ಟಿಗೆ ಎಲ್ಲಿಟ್ಟಿರಿ ಎಂದು ಅಕ್ಕ ಯಾರನ್ನೋ ಗದರುತ್ತಿದ್ದಳು.

ಅಮ್ಮ ತೀರಿಕೊಂಡಾಗ ಈ ಜೊತೆಯನ್ನು ಹಂಚಿದ್ದು ಅಕ್ಕನೇ. ಎರಡನ್ನೂ ಕಿಟಕಿಯ ಬಳಿ ಒಯ್ದು, ತಿರುಗಿಸಿ ತಿರುಗಿಸಿ ನೋಡಿ, "ಇದು ನಿಂಗೆ" ಎಂದು ಒಂದನ್ನು ಇವಳ ಕೈಗೆ ತುರುಕಿದ್ದಳು. ನೀನೇ ಆರಿಸಿಕೋ ಎನ್ನುವ ಒಂದು ಮಾತು ಬೇಡವೇ? ಫ್ಯಾನ್ಸಿ ಅಂಗಡಿಯಲ್ಲಿ ದಿನವಿಡೀ ನಕಲಿ ಹರಳಿನ ಸರ, ಬಳೆ ಮಾರುವ ಇವಳ ತಲೆಗೆ ಅಂದೇ ಹುಳ ಹೊಕ್ಕಿತ್ತು. ತನ್ನ ಪಾಲಿಗೆ ಬಂದದ್ದು ಗಾಜೇ ಇರಬೇಕು. ಪರೀಕ್ಷಿಸಲು ಮಾತ್ರ ಧೈರ್ಯ ಸಾಲದೆ, ಅನುಮಾನವನ್ನೇ ಜೋಪಾನವಾಗಿ ಸಾಕಿಕೊಂಡು ಬಂದಿದ್ದಳು.

ಇವತ್ತು ಬೆಳಿಗ್ಗೆ ಅಕ್ಕ ತನ್ನದನ್ನೂ ತಂದುಕೊಟ್ಟು, "ಮಗಳ ಮದುವೇಲಿ ಜೊತೆಯಾಗಿ ಹಾಕ್ಕೋ. ಇನ್ಮೇಲೆ ನೀನೇ ಇಟ್ಕೋ" ಎಂದಿದ್ದಳು. ಅಕ್ಕ ಅಷ್ಟು ಸುಲಭಕ್ಕೆ ಕೈಬಿಡುವವಳೇ? ಒಂದು ಸೂಜಿ ಕೊಟ್ಟರೂ ಸಂಜೆಗೆ ವಾಪಸ್ ಕೇಳುವ ಹೆಂಗಸು!

ಅಂಗಡಿಯಲ್ಲಿ ಕಲಿತ ಉಪಾಯ ಸುಲಭದ್ದು. ಬಾಯಿಂದ ಬಿಸಿಯುಸಿರು ಬಿಟ್ಟರೆ ವಜ್ರದ ಮೇಲಿನ ಮಂಜು ತಕ್ಷಣ ಆರುತ್ತದೆ, ಗಾಜಿನ ಮೇಲೆ ನಿಲ್ಲುತ್ತದೆ. ಮೊದಲು ತನ್ನದಕ್ಕೆ ಉಸಿರು ಬಿಟ್ಟಳು. ಮಂಜು ಮಾಯ. ಅಸಲಿ! ಸಂತೋಷವಾಗುವ ಬದಲು ಏನೋ ಕಳೆದುಕೊಂಡಂತಾಯಿತು. ಆಮೇಲೆ ಅಕ್ಕನದಕ್ಕೆ. ಅದರ ಮಂಜು ಜಪ್ಪಯ್ಯ ಎಂದರೂ ಕದಲಲಿಲ್ಲ.

ಓಹೋ! ವಜ್ರ ಮಾರಿಕೊಂಡು, ಗಾಜು ಕೂರಿಸಿ, ಈಗ ತನ್ನ ತಲೆಗೆ ಕಟ್ಟುತ್ತಿದ್ದಾಳೆ. ನಾಳೆ ಕಲ್ಲು ಬದಲಾಯಿಸಿದವಳು ನೀನೇ ಎಂದು ತನ್ನ ಮೇಲೇ ಗೂಬೆ ಕೂರಿಸಿದರೂ ಕೂರಿಸಿದಳೇ.

ದಡಾರನೆ ಬಾಗಿಲು ತೆಗೆದಳು. "ಅಕ್ಕಾ, ನಿನ್ನ ಓಲೇಲಿರೋದು ಗಾಜು!"

ಅಕ್ಕ ಬಾಯಲ್ಲಿ ಕಚ್ಚಿಕೊಂಡಿದ್ದ ಪಿನ್ನು ತೆಗೆದು, ಕೋಣೆಯ ಬಾಗಿಲು ಮುಂದಕ್ಕೆ ಹಾಕಿದಳು. "ಮೆಲ್ಲಗೆ ಮಾತಾಡೇ. ಗೊತ್ತು."

"ಗೊತ್ತಾ?"

"ನೀನಿನ್ನೂ ಕೂಸು. ಅಮ್ಮನ ತೊಡೆ ಮೇಲೆ ಕೂತು ಓಲೆ ಹಿಡಿದು ಎಳೆದೆ. ಕಲ್ಲು ಕಿತ್ತು ಮೋರಿಗೆ ಬಿತ್ತು. ಅಪ್ಪಂಗೂ ಹೇಳ್ದೆ ಗಾಜು ಕೂರಿಸ್ಕೊಂಡ್ಳು ಅಮ್ಮ. ನಿಂಗೆ ಹೇಳ್ಬೇಡ, ನೊಂದ್ಕೋತೀಯ ಅಂತ ನನ್ನ ಹತ್ರ ಮಾತು ತಗೊಂಡಿದ್ಳು. ಹಂಚೋವಾಗ ಅದನ್ನ ಹುಡುಕಿ ನಾನಿಟ್ಕೊಂಡೆ. ಎಷ್ಟು ತಿರುಗಿಸಿದ್ರೂ ಯಾವುದೂಂತ ಬೇಗ ತಿಳೀಲೇ ಇಲ್ಲ, ಹಾಳಾದ್ದು!" ಅಕ್ಕ ನಕ್ಕಳು.

ತಂಗಿಗೆ ನಾಚಿಕೆಯಿಂದ ಮುಖವೆಲ್ಲ ಬಿಸಿಯಾಯಿತು.

ನಗುತ್ತಿದ್ದ ಅಕ್ಕ ಥಟ್ಟನೆ ನಿಲ್ಲಿಸಿದಳು. "ಅಲ್ವೇ, ಅದು ಗಾಜು ಅಂತ ನಿಂಗೆ ಹೇಗೆ ಗೊತ್ತಾಯ್ತು?"

ಬಚ್ಚಲುಮನೆಯ ದೀಪ ಇನ್ನೂ ಉರಿಯುತ್ತಿತ್ತು. ಅಕ್ಕ ಆ ಕಡೆ ನೋಡಿದಳು. ತಂಗಿಯ ಬಿಗಿದ ಮುಷ್ಟಿಗಳನ್ನು ನೋಡಿದಳು. ಉತ್ತರಕ್ಕೆ ಕಾಯಲಿಲ್ಲ.

"ಹೊತ್ತಾಯ್ತು, ತಲೆ ವಾಲಿಸು" ಎಂದು ಗಲ್ಲ ಹಿಡಿದು ತಿರುಗಿಸಿ, ಓಲೆ ಸಿಕ್ಕಿಸಿ ತಿರುಪು ಬಿಗಿಮಾಡತೊಡಗಿದಳು. ಬಿಗಿಯಾದ ಮೇಲೂ ಇನ್ನೊಂದು ಸುತ್ತು ತಿರುಗಿಸಿದಳು. ಎದುರಿಗೇ ಕನ್ನಡಿಯಿತ್ತು, ತಂಗಿ ಕಣ್ಣು ಮುಚ್ಚಿಕೊಂಡೇ ನಿಂತಳು.