ಬಚ್ಚಲ ಹಿಂದಿನ ಹನ್ನೊಂದು ಗಿಡ

ನಮ್ಮ ಬಚ್ಚಲಿನ ನೀರು ಹರಿದುಹೋಗುವ ಕಡೆ ನಾನು ಪ್ರತಿ ವರ್ಷ ಒಂದು ಹಿಡಿ ಬಿಳಿ ಮುಸುಕಿನ ಜೋಳ ಊರುತ್ತೇನೆ. ಈ ಸಲ ಹನ್ನೊಂದು ಗಿಡ ಬಂದವು. ಸೋಪಿನ ನೀರು ಕುಡಿದು, ಹಿಂದೆ ಆನೆ ನಿಂತರೂ ಕಾಣದಷ್ಟು ಬೆಳೆದವು.

ಈ ಸಲವೇ ಸೊಸೆ ಮೊದಲ ಬಾರಿಗೆ ಹೊಲದಲ್ಲಿ ಬೀಜಕ್ಕೆಂದೇ ಮಾರುವ ಹೈಬ್ರಿಡ್ ಮುಸುಕಿನ ಜೋಳ ಹಾಕಿದ್ದಳು. ನಾಲ್ಕು ಸಾಲು ಹೆಣ್ಣು, ಎರಡು ಸಾಲು ಗಂಡು. ಹೆಣ್ಣು ಸಾಲಿನ ಗಿಡದ ತಲೆಯಲ್ಲಿ ತುರಾಯಿ, ಅಂದರೆ ಗಂಡು ಹೂ, ಇಣುಕಿದ ಕೂಡಲೇ ಕಿತ್ತುಬಿಡಬೇಕು. ಆಗ ತೆನೆಯ ಕೂದಲಿನ ಮೇಲೆ ಗಂಡು ಸಾಲಿನ ಹೂವಿನ ಧೂಳು ಮಾತ್ರ ಬೀಳುತ್ತದೆ. ಬೆಳಗಾದರೆ ಅವಳಿಗೆ ಅದೇ ಕೆಲಸ.

"ಹೇನು ಹೆಕ್ಕಿದ ಹಾಗೆ ಹೆಕ್ತೀಯಲ್ಲೇ," ಎಂದು ರೇಗಿಸುತ್ತಿದ್ದೆ. "ನಿನ್ನ ಗಂಡನ ತಲೆ ಇಷ್ಟು ನೋಡಿದ್ರೆ ಅವನಿಗೆ ನಾಲ್ಕು ಕೂದಲಾದ್ರೂ ಉಳೀತಿತ್ತು."

"ಒಂದು ಗಿಡ ಬಿಟ್ರೂ ತಪ್ಪೇ, ಅತ್ತೆ."

ಒಂದು ದಿನ ಬೀಜ ಪ್ರಮಾಣೀಕರಣದ ತಪಾಸಣೆಯಮ್ಮ ಬಂದರು. ಹೊಲ ಸುತ್ತಿ, ಸರಿಯಿದೆ ಎಂದು ತಲೆಯಾಡಿಸಿದರು. ಕೈ ತೊಳೆಯಲು ಬಚ್ಚಲ ಕಡೆ ಬಂದವರು ಹಾಗೇ ನಿಂತುಬಿಟ್ಟರು.

"ಇದು ಯಾರದು, ಅಜ್ಜಿ?"

"ನನ್ನದೇ. ಹಲ್ಲು ಹೋದ್ರೂ ಚಪಲ ಹೋಗಿಲ್ಲ."

"ಇದರ ಧೂಳು ಹೊಲಕ್ಕೆ ಹಾರಿದ್ರೆ ಬೀಜ ಕಲಬೆರಕೆ ಆಗುತ್ತೆ. ಮಧ್ಯೆ ಕಡಿಮೆ ಅಂದ್ರೂ ಇನ್ನೂರು ಮೀಟರ್ ಇರಬೇಕು. ಕಾಳಿನ ಬಣ್ಣ ಬೇರೆ ಆದ್ರೆ ಇನ್ನೂ ದೂರ."

"ಹೊಲ ಎಲ್ಲಿ, ಬಚ್ಚಲು ಎಲ್ಲಿ. ನಾನು ಹೋಗೋಕೇ ದಾರೀಲಿ ಎರಡು ಸಲ ಕೂತು ಏಳ್ಬೇಕು. ಕಾಲಿಲ್ಲದ ಧೂಳು ಹೋಗುತ್ತಾ?"

ಅವರು ಅಳೆದರು. ಎಂಬತ್ತು ಹೆಜ್ಜೆ.

"ನಾಳಿದ್ದು ಈ ತುರಾಯಿ ಬಿಚ್ಚುತ್ತೆ. ಅಷ್ಟರಲ್ಲಿ ತೆಗೀಲಿಲ್ಲ ಅಂದ್ರೆ ನಾನು ಹೊಲ ಪಾಸ್ ಮಾಡೋಕಾಗಲ್ಲ. ಬೀಜ ಆಗಬೇಕಾದ್ದು ಕೋಳಿ ಮೇವಾಗುತ್ತೆ."

ಎಲೆಯ ಅಂಚು ತಾಗಿ ತಾಗಿ ಸೊಸೆಯ ಬೆರಳೆಲ್ಲ ಗೀರು. ಅದನ್ನು ನೋಡಿ ನಾನು ಸ್ಟೂಲು ತಂದಿಟ್ಟೆ.

"ಗಿಡ ಇರಲಿ, ತುರಾಯಿ ಮಾತ್ರ ತೆಗೀರಿ," ಎಂದರು ತಪಾಸಣೆಯಮ್ಮ.

"ತೆಗೀತೀವಿ. ಆದ್ರೆ ನಿಮ್ಮ ಮಾತು ನಂಬಿ ಅಲ್ಲ," ಎಂದೆ.

ಸೊಸೆ ಸ್ಟೂಲು ಹತ್ತಿದಳು, ನಾನು ಹಿಡಿದುಕೊಂಡೆ. ಹನ್ನೊಂದನ್ನೂ ಬೋಳಿಸಿದೆವು.

ತೆನೆ ಬಲಿತಾಗ ಸುಲಿದು ನೋಡಿದೆ. ಹೆಚ್ಚಿನವು ಬರೀ ಬೆಂಡು. ಒಂದರಲ್ಲಿ ಏಳು ಕಾಳು, ಅಲ್ಲೊಂದು ಇಲ್ಲೊಂದು, ಥೇಟ್ ನನ್ನ ಬಾಯಿ. ಆದರೆ ನನ್ನದು ಬಿಳಿ ಜೋಳ. ಆ ಏಳೂ ಕಾಳು ಹಳದಿ.

"ನಮ್ಮ ಗಂಡು ಸಾಲಿನ ಬಣ್ಣ ಇದು," ಎಂದಳು ಸೊಸೆ.

ನನ್ನ ಗಿಡಗಳಲ್ಲಿ ಗಂಡು ಹೂವೇ ಉಳಿದಿರಲಿಲ್ಲ. ಹೊಲದ ಧೂಳೇ ಎಂಬತ್ತು ಹೆಜ್ಜೆ ದಾಟಿ ಬಂದು ಕೂತಿತ್ತು. ಅಲ್ಲಿಂದ ಇಲ್ಲಿಗೆ ಬರುವುದು ಇಲ್ಲಿಂದ ಅಲ್ಲಿಗೆ ಹೋಗದೆ ಇರುತ್ತದೆಯೇ?

"ಕಾಲಿಲ್ಲದ್ದು ಬಂದೇಬಿಡ್ತಲ್ಲೇ," ಎಂದೆ.

"ದಾರೀಲಿ ಎಲ್ಲೂ ಕೂರದೆ ಬಂದಿದೆ, ಅತ್ತೆ."

ಹೊಲ ಪಾಸಾಯಿತು.

ನೀವು ಬೀಜದ ಜೋಳ ಹಾಕುವುದಾದರೆ, ಹೆಣ್ಣು ಸಾಲಿನ ತುರಾಯಿಯನ್ನು ಧೂಳು ಉದುರುವ ಮೊದಲೇ ದಿನವೂ ಪೂರ್ತಿ ಕೀಳಿ, ಕಿತ್ತದ್ದನ್ನು ಹೊಲದಾಚೆ ಸಾಗಿಸಿ. ಎಷ್ಟು ದೂರ ಬಿಡಬೇಕೆಂದು ಬಿತ್ತುವ ಮೊದಲೇ ತಪಾಸಣೆಯವರನ್ನು ಕೇಳಿ. ಬೀಜದ ಹೊಲ ನಿಮ್ಮ ನೆರೆಯವರದಾದರೆ, ನಿಮ್ಮ ಹಿತ್ತಲಲ್ಲಿ ಜೋಳದ ಗಿಡ ಇದೆಯೇ ಎಂದು ಇವತ್ತೇ ನೋಡಿ ಬನ್ನಿ. ನಂಬಿಕೆ ಬರದಿದ್ದರೆ ನಮ್ಮ ಮನೆಗೆ ಬನ್ನಿ. ಆ ಏಳು ಕಾಳಿನ ತೆನೆಯನ್ನು ಬಚ್ಚಲ ಬಾಗಿಲಿಗೆ ನೇತುಹಾಕಿದ್ದೇನೆ.