ಸೂಜಿಮೊನೆಯಷ್ಟು ಗಾಯ

ನನ್ನ ಗಂಡನಿಗೆ ಬೀದಿಯವರು ಇಟ್ಟ ಹೆಸರು ‘ಇನ್ನೊಂಚೂರು’. ಫ್ಯಾನು ಮೂರರಲ್ಲಿ ಚೆನ್ನಾಗಿ ತಿರುಗುತ್ತಿದ್ದರೂ ಇನ್ನೊಂಚೂರು ಅಂತ ನಾಲ್ಕಕ್ಕೆ ಇಡುತ್ತಾನೆ. ನಲ್ಲಿ ಸೋರುವುದು ನಿಂತ ಮೇಲೂ ಇನ್ನೊಂಚೂರು ಬಿಗಿದು ತಿರುಪನ್ನೇ ಹಾಳು ಮಾಡುತ್ತಾನೆ. ಬಣ್ಣದ ಅಂಗಡಿಯಲ್ಲಿ ಅವನ ಕೆಲಸ ಡಬ್ಬಿಗೆ ತೊಟ್ಟು ತೊಟ್ಟಾಗಿ ಬಣ್ಣ ಬೆರೆಸುವುದು, ಅಲ್ಲಿ ಈ ಚಾಳಿಗೆ ಸಂಬಳ ಕೊಡುತ್ತಾರೆ. ಮನೆಯಲ್ಲಿ ಅದನ್ನು ಉಣ್ಣುವವರು ನಾನು ಮತ್ತು ನನ್ನ ಮಾವ.

ನಾನೇನು ಸಾಧು ಹಸುವಲ್ಲ. ಬಸ್ ಕಂಡಕ್ಟರ್ ನಾನು. ಹದಿನಾಲ್ಕು ವರ್ಷದಿಂದ ‘ಒಳಗೆ ಹೋಗಿ, ಒಳಗೆ ಜಾಗ ಇದೆ’ ಎಂದು ಕೂಗಿ ಕೂಗಿ ಪಿಸುಮಾತಾಡುವುದೇ ಮರೆತುಹೋಗಿದೆ. ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ಸುಳ್ಳು ಹೇಳುವವರನ್ನು ಕಂಡರೆ ಅದು ನೆತ್ತಿಗೇರುತ್ತದೆ. ನನ್ನ ಬಾಯಿಗೆ ಹೆದರಿ ಮನೆ ನೆಟ್ಟಗಿದೆ ಎಂದು ನಾನು ಹೆಮ್ಮೆಯಿಂದಲೇ ಹೇಳಿಕೊಂಡು ತಿರುಗುತ್ತಿದ್ದೆ.

ಮಾವ ದರ್ಜಿ. ಮನೆಯ ಮುಂದಿನ ಕೋಣೆಯೇ ಅವರ ಅಂಗಡಿ. ಒಂದು ಹೊಲಿಗೆ ಯಂತ್ರ, ಬಟ್ಟೆ ಕತ್ತರಿಸುವ ಉದ್ದನೆಯ ಮೇಜು, ಗೋಡೆಗೆ ಬಣ್ಣಬಣ್ಣದ ನೂಲಿನ ಉಂಡೆಗಳು. ಎಪ್ಪತ್ತು ದಾಟಿದ ಮೇಲೆ ಕಣ್ಣು ಮಂಜಾಗಿತ್ತು, ಆದರೆ ಎಡಗೈ ತೋರುಬೆರಳಿತ್ತಲ್ಲ, ಅದು ಸಾಕಾಗಿತ್ತು ಅವರಿಗೆ. ಹೊಸ ಬಟ್ಟೆ ಬಂದರೆ ಕಣ್ಣು ಮುಚ್ಚಿ ಅದರ ಮೇಲೆ ಬೆರಳಾಡಿಸಿ, ಎಲ್ಲಿ ಎಳೆ ತಪ್ಪಿದೆ, ಎಲ್ಲಿ ಗಂಟಿದೆ ಎಂದು ಹೇಳಿಬಿಡುತ್ತಿದ್ದರು. ಹೊಲಿಗೆ ನೆಟ್ಟಗೆ ಹೋಗುತ್ತಿದ್ದುದೂ ಆ ಬೆರಳು ಬಟ್ಟೆಯನ್ನು ಸೂಜಿಯ ಕೆಳಗೆ ತಳ್ಳುತ್ತಿದ್ದ ಲೆಕ್ಕದಲ್ಲೇ.

ಇನ್ನು ನಮ್ಮ ಮನೆಯ ನಾಲ್ಕನೆಯ ಸದಸ್ಯನ ವಿಷಯ. ಎರಡು ವರ್ಷದ ಹಿಂದೆ ಗಂಡ ಒಂದು ಹಳೆಯ ಪ್ರೆಶರ್ ವಾಷರ್, ಅಂದರೆ ರಭಸದಿಂದ ನೀರು ಚಿಮ್ಮಿಸಿ ತೊಳೆಯುವ ಯಂತ್ರ, ತಂದ. ಪೆಟ್ರೋಲ್ ಇಂಜಿನ್, ಕೆಳಗೆ ಪಂಪು, ಎರಡು ಚಕ್ರ, ಉದ್ದನೆಯ ಪೈಪು, ತುದಿಗೆ ಬಂದೂಕಿನಂಥ ಹಿಡಿ. ಹಿತ್ತಲ ಮೆಟ್ಟಿಲಿನ ಪಾಚಿಯನ್ನು ಅದು ಬಣ್ಣ ಕೆರೆದಂತೆ ಕೆರೆದು ಹಾಕುತ್ತದೆ. ತಂದವನು ಅವನಾದರೂ ಸಾಕಿದವಳು ನಾನು. ಅದರ ಜೊತೆ ಬಂದ ಕೈಪಿಡಿಯನ್ನು ಬಸ್ಸಿನಲ್ಲಿ ಜನ ಕಡಿಮೆ ಇದ್ದಾಗಲೆಲ್ಲ ಓದಿ ಮುಗಿಸಿದೆ. ಇಂಜಿನ್ ಆಯಿಲ್ ಬದಲಾಯಿಸುವುದು, ತಿಂಗಳುಗಟ್ಟಲೆ ಸುಮ್ಮನಿಡುವ ಮೊದಲು ಪೆಟ್ರೋಲ್ ಖಾಲಿ ಮಾಡುವುದು, ನೀರು ಒಳಗೆ ಬರುವ ಕಡೆಯ ಜಾಲರಿ ತೊಳೆಯುವುದು, ನೀರು ಚಿಮ್ಮುವ ನಾಝಲ್‌ನ ತೂತಿಗೆ ತಂತಿ ಹಾಕಿ ಸುಣ್ಣ ತೆಗೆಯುವುದು, ಎಲ್ಲ ನನ್ನ ಕೆಲಸ. ‘ಪರೀಕ್ಷೆ ಯಾವಾಗ?’ ಎಂದು ಅಪ್ಪ ಮಗ ಸೇರಿ ನಗುತ್ತಿದ್ದರು.

ಪಂಪಿನ ಮೇಲೊಂದು ತಿರುಗುಬಿರಡೆ ಇದೆ. ನೀರಿನ ಒತ್ತಡ ಎಷ್ಟಿರಬೇಕೆಂದು ಹೇಳುವುದು ಅದೇ. ಎಲ್ಲಿ ನಿಲ್ಲಬೇಕೋ ಅಲ್ಲಿಗೆ ನಾನು ನನ್ನ ಕೆಂಪು ನೇಲ್ ಪಾಲಿಶ್‌ನಿಂದ ಗೆರೆ ಎಳೆದು, ‘ಇದನ್ನ ದಾಟಿಸಿದ್ರೆ ನಾನು ಮನುಷ್ಯಳಾಗಿರಲ್ಲ’ ಎಂದು ಹೇಳಿಟ್ಟಿದ್ದೆ. ಪೈಪಿನ ಬಗ್ಗೆಯೂ ಹೇಳಿದ್ದೆ. ಮೆಟ್ಟಿಲಂಚಿಗೆ ಉಜ್ಜಿ ಉಜ್ಜಿ ಒಂದು ಕಡೆ ಅದರ ಸಿಪ್ಪೆ ಸವೆದು ಒಳಗಿನ ಹೆಣಿಗೆ ಕಾಣುತ್ತಿತ್ತು. ಹೊಸ ಪೈಪು ತಂದು ಮೊಳೆಗೆ ನೇತುಹಾಕಿ ಹತ್ತು ದಿನವಾಗಿತ್ತು. ‘ಇನ್ನೊಂದ್ಸಲಕ್ಕೆ ಬರುತ್ತೆ ಬಿಡು’ ಎಂದ ನನ್ನ ಮಹಾರಾಯ.

ಆ ಭಾನುವಾರ ನನಗೆ ಬೆಳಗಿನ ಪಾಳಿ. ಒಂದೂವರೆಗೆ ಮನೆಗೆ ಬಂದಾಗ ಹಿತ್ತಲ ಮೆಟ್ಟಿಲು ಹೊಳೆಯುತ್ತಿತ್ತು, ಹೊಸ ಪೈಪು ಯಂತ್ರಕ್ಕೆ ಸೇರಿತ್ತು, ಬಿರಡೆ ನನ್ನ ಕೆಂಪು ಗೆರೆಯಿಂದ ಮುಕ್ಕಾಲು ಸುತ್ತು ಆಚೆ ಇತ್ತು.

“ಯಾರ್ರೀ ಇದನ್ನ ತಿರುಗಿಸಿದ್ದು?”

“ಒಂಚೂರು ಅಷ್ಟೇ,” ಎಂದ ಗಂಡ. ನನ್ನ ಮುಖ ನೋಡಲಿಲ್ಲ. “ಪಾಚಿ ಗಟ್ಟಿ ಇತ್ತು. ಪೈಪೂ ಬದಲಾಯಿಸಿದೀನಿ, ನೋಡು, ನೀನು ಹೇಳ್ದಂಗೇ.”

ಕೇಳದೆಯೇ ಪೈಪಿನ ಸುದ್ದಿ ಎತ್ತಿದಾಗಲೇ ನನಗೆ ಅನುಮಾನ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ. ಮುಂದಿನ ಕೋಣೆಗೆ ಹೋದೆ. ಮಾವ ಹೊಲಿಯುತ್ತಿರಲಿಲ್ಲ. ಭಾನುವಾರವೂ ಒಂದು ಗಳಿಗೆ ಸುಮ್ಮನೆ ಕೂರದ ಮನುಷ್ಯ ಎಡಗೈಯನ್ನು ಬಲಗೈಯಲ್ಲಿ ಎತ್ತಿ ಹಿಡಿದು ಗೋಡೆ ನೋಡುತ್ತ ಕೂತಿದ್ದರು. ತೋರುಬೆರಳಿಗೆ ಸಣ್ಣ ಪ್ಲಾಸ್ಟರ್.

“ಏನಾಯ್ತು ಮಾವ?”

“ಏನಿಲ್ಲಮ್ಮ. ಸೂಜಿ ಚುಚ್ತು.”

ಐವತ್ತೈದು ವರ್ಷ ಸೂಜಿಯ ಜೊತೆ ಬಾಳಿದ ಮನುಷ್ಯ ಯಾವತ್ತಾದರೂ ಚುಚ್ಚಿದ್ದಕ್ಕೆ ಪ್ಲಾಸ್ಟರ್ ಹಾಕಿಕೊಂಡದ್ದುಂಟೇ? ಚೀಪಿ, ಅಂಗಿಗೆ ಒರೆಸಿ, ಮುಂದಿನ ಹೊಲಿಗೆ. ನಾನು ಪ್ಲಾಸ್ಟರ್ ಬಿಚ್ಚಿದೆ. ಬೆರಳು ಬದನೆಕಾಯಿಯಂತೆ ಊದಿತ್ತು, ತುದಿ ಬೂದಿ ಬಣ್ಣಕ್ಕೆ ತಿರುಗಿ ತಣ್ಣಗಿತ್ತು. ನಡುವೆ ಒಂದು ಚುಕ್ಕೆ. ರಕ್ತವಿಲ್ಲ, ಸೀಳಿಲ್ಲ, ಸೂಜಿಮೊನೆಯಷ್ಟು ಒಂದು ಚುಕ್ಕೆ ಮಾತ್ರ.

ಕೈಪಿಡಿಯ ಆರನೇ ಪುಟದಲ್ಲಿ ಈ ಬೆರಳಿನ ಚಿತ್ರವಿದೆ. ‘ಸೋರುವ ಜಾಗವನ್ನು ಕೈಯಿಂದ ಹುಡುಕಬೇಡಿ. ನೀರು ಚರ್ಮದೊಳಗೆ ನುಗ್ಗಬಹುದು. ನೋಡಲು ಸಣ್ಣ ಗಾಯದಂತಿದ್ದರೂ ಹಾಗೆಂದು ಬಿಡಬೇಡಿ, ತಕ್ಷಣ ಆಸ್ಪತ್ರೆಗೆ ಹೋಗಿ.’

“ನಿಜ ಹೇಳಿ,” ಎಂದೆ. ಆ ಧ್ವನಿಗೆ ಟಿಕೆಟ್ ಇಲ್ಲದವರು ತಾವಾಗಿ ಇಳಿದುಹೋಗುತ್ತಾರೆ.

ಗಂಡನೇ ಬಾಯಿಬಿಟ್ಟ. ಹತ್ತು ಗಂಟೆಗೆ ಯಂತ್ರ ಶುರು ಮಾಡಿದ್ದಾನೆ. ಒತ್ತಡ ಇನ್ನೊಂಚೂರು, ಇನ್ನೊಂಚೂರು ಎಂದು ಏರಿಸಿದ್ದಾನೆ. ಸವೆದ ಕಡೆ ಪೈಪು ಬಿರಿದು ಬುಸ್ಸೆಂದು ಸದ್ದು, ಹೊಗೆಯಂತೆ ತುಂತುರು. ‘ಎಲ್ಲಿ ಸೋರ್ತಿದೆ ಅಂತ ನೋಡಪ್ಪಾ’ ಎಂದು ಅಪ್ಪನನ್ನೇ ಕರೆದಿದ್ದಾನೆ. ಕಣ್ಣು ಮಂಜಾದ ಅಪ್ಪ, ಬಟ್ಟೆಯ ಮೇಲೆ ಎಳೆ ಹುಡುಕುವಂತೆ, ಪೈಪಿನ ಮೇಲೆ ಬೆರಳಾಡಿಸಿದ್ದಾರೆ. ಎಳೆ ಸಿಕ್ಕಿದೆ.

“ಹತ್ತು ಗಂಟೆಗಾ? ಈಗ ಒಂದೂವರೆ ಕಣೋ! ಬುದ್ಧಿ ಇದೆಯಾ ನಿನಗೆ? ಅಪ್ಪನ ಬೆರಳಿಗೆ ಪ್ಲಾಸ್ಟರ್ ಹಚ್ಚಿ, ಪೈಪು ಬದಲಾಯಿಸಿ, ಮೆಟ್ಟಿಲು ತೊಳ್ಕೊಂಡು ಕೂತಿದ್ದೀಯಲ್ಲ, ಮೆಟ್ಟಿಲು!”

“ರಕ್ತಾನೇ ಬಂದಿಲ್ಲ. ನೋವೂ ಇರ್ಲಿಲ್ಲ ಆಗ,” ಎಂದು ಮಾವ ಮಗನ ಪರ ವಕಾಲತ್ತಿಗೆ ಬಂದರು. “ನೀರು ತಾನೇಮ್ಮ? ವಿಷ ಅಲ್ಲವಲ್ಲ.”

ಕೈಪಿಡಿಯನ್ನು ಬ್ಯಾಗಿಗೆ ತುರುಕಿ ಇಬ್ಬರನ್ನೂ ಆಟೋಕ್ಕೆ ತುಂಬಿದೆ. ದಾರಿಯುದ್ದಕ್ಕೂ ಬೈದೆ. ಮೂರು ತಲೆಮಾರಿನ ಸೋಮಾರಿತನ, ಇನ್ನೊಂಚೂರು, ಇನ್ನೊಂದ್ಸಲಕ್ಕೆ ಬರುತ್ತೆ, ಎಲ್ಲವನ್ನೂ ಹೆಸರು ಹಿಡಿದು ಬೈದೆ. ಆಟೋದವನು ಎರಡು ಸಲ ಕನ್ನಡಿಯಲ್ಲಿ ನೋಡಿ ಮೂರನೆಯ ಸಲ ನೋಡುವ ಧೈರ್ಯ ಮಾಡಲಿಲ್ಲ.

ತುರ್ತು ಚಿಕಿತ್ಸೆಯ ಕೋಣೆಯಲ್ಲಿದ್ದ ಎಳೆಯ ಡಾಕ್ಟರು ಚುಕ್ಕೆಯನ್ನು ನೋಡಿ, “ಒಂದು ಟಿಟಿ ಇಂಜೆಕ್ಷನ್ ಕೊಡ್ತೀವಿ, ನಾಳೆ ಬನ್ನಿ” ಎಂದು ಚೀಟಿ ಬರೆಯತೊಡಗಿದರು. ನಾನು ಕೈಪಿಡಿಯ ಆರನೇ ಪುಟವನ್ನು ಚೀಟಿಯ ಮೇಲೇ ಇಟ್ಟೆ.

“ಅಮ್ಮಾ, ನಾವು ಯಂತ್ರದ ಪುಸ್ತಕ ಓದಿ ವೈದ್ಯ ಮಾಡಲ್ಲ.”

“ಮಾಡಿ ಸ್ವಾಮಿ! ಇವತ್ತೊಂದಿನ ಮಾಡಿ! ಇಂಜಿನ್ ಮಾಡಿದೋನಿಗೆ ಗೊತ್ತಿರೋದು ನಿಮಗೆ ಗೊತ್ತಿಲ್ಲ ಅಂದ್ರೆ ಗೊತ್ತಿರೋರನ್ನ ಕರೀರಿ!”

ಬಾಗಿಲಲ್ಲಿದ್ದ ಕಾವಲುಗಾರ ಒಳಗೆ ಬಂದ. ನಾನು ಅವನಿಗೂ ಒಂದು ಪಾಲು ಕೊಟ್ಟೆ. ಗಲಾಟೆ ಕೇಳಿ ಪಕ್ಕದ ಕೋಣೆಯಿಂದ ಶಸ್ತ್ರಚಿಕಿತ್ಸೆಯ ಡಾಕ್ಟರಮ್ಮ ಬಂದರು. ಪುಟ ಓದಲಿಲ್ಲ. ಮಾವನ ಬೆರಳನ್ನು ಬೆಳಕಿಗೆ ಹಿಡಿದರು, ಅಂಗೈಯನ್ನು ಮೆಲ್ಲಗೆ ಒತ್ತಿದರು. ಮಾವ ಹಲ್ಲು ಕಚ್ಚಿದರು.

“ನೀರು ಒಳಗೊಳಗೇ ಅಂಗೈವರೆಗೆ ಹೋಗಿದೆ,” ಎಂದರು ಡಾಕ್ಟರಮ್ಮ. “ಥಿಯೇಟರ್ ರೆಡಿ ಮಾಡಿ. ಎಷ್ಟು ಹೊತ್ತಾಯ್ತು ಇದಾಗಿ?”

“ಈಗ... ಒಂದರ್ಧ ಗಂಟೆ,” ಎಂದ ಗಂಡ.

ನಾನು ಬಾಯಿ ತೆಗೆಯುವ ಮೊದಲೇ ಮಾವ, “ಹತ್ತು ಗಂಟೆಗೆ” ಎಂದರು.

“ಅಂದ್ರೆ ನಾಲ್ಕು ಗಂಟೆ ಹೊತ್ತಾಗ್ತಾ ಬಂತಲ್ಲ! ಅಷ್ಟು ಹೊತ್ತು ಏನು ಮಾಡ್ತಿದ್ರಿ?”

ಮಾವ ತಪ್ಪು ಮಾಡಿದ ಹುಡುಗನಂತೆ ನೆಲ ನೋಡುತ್ತ ಹೇಳಿದರು.

“ಹನ್ನೊಂದಕ್ಕೇ ನೋವು ಶುರುವಾಯ್ತು. ಸೊಸೆಗೆ ಗೊತ್ತಾದ್ರೆ ಕೂಗಾಡ್ತಾಳೆ ಅಂತ... ಅವಳು ಬರೋದ್ರೊಳಗೆ ಬಾವು ಇಳಿದೀತು ಅಂತ ನೀರಲ್ಲಿ ಅದ್ದಿಟ್ಕೊಂಡಿದ್ದೆ.”

ಬಸ್ಸಿನಲ್ಲಿ ಯಾರು ಯಾರೋ ಏನೇನೋ ಅಂದಿದ್ದಾರೆ, ಒಂದೂ ತಾಕಿಲ್ಲ. ಇದು ತಾಕಿತು. ಅವರನ್ನು ಗಾಲಿ ಮಂಚದ ಮೇಲೆ ಒಳಗೆ ಕರೆದೊಯ್ದರು. ಗಂಡ ನನ್ನ ಪಕ್ಕದ ಬೆಂಚಿನಲ್ಲಿ ಬೈಗುಳಕ್ಕೆ ತಲೆ ಬಗ್ಗಿಸಿ ಕಾದು ಕೂತ. ನನ್ನ ಗಂಟಲಲ್ಲಿ ಬೈಗುಳ ಬೇಕಾದಷ್ಟಿತ್ತು, ಆದರೆ ಅದನ್ನು ಯಾರಿಗೆ ಬೈಯುವುದೆಂದು ತಿಳಿಯಲಿಲ್ಲ. ಸಿಟ್ಟೆಲ್ಲ ನನ್ನ ಮೇಲೇ ತಿರುಗಿತ್ತು.

ಬೆರಳು ಉಳಿಯಿತು. ಬುಡದಿಂದ ತುದಿಯವರೆಗೆ ಸೀಳಿ, ತೊಳೆದು, ಹೊಲಿದರು. ‘ಇನ್ನೊಂದೆರಡು ಗಂಟೆ ಬಿಟ್ಟು ಬಂದಿದ್ರೆ ಕತ್ತರಿಸ್ಬೇಕಾಗ್ತಿತ್ತು, ಬೆಳಿಗ್ಗೆನೇ ಬಂದಿದ್ರೆ ಪೂರ್ತಿ ಸರಿಹೋಗ್ತಿತ್ತು’ ಎಂದರು ಡಾಕ್ಟರಮ್ಮ. ಸ್ಪರ್ಶಜ್ಞಾನ ಮಾತ್ರ ಮರಳಿ ಬರಲಿಲ್ಲ. ಬ್ಯಾಂಡೇಜ್ ಬಿಚ್ಚಿದ ದಿನ ಮಾವ ಮೇಜಿನ ಮೇಲೆ ಒಂದು ತುಂಡು ಬಟ್ಟೆ ಹಾಸಿ, ಕಣ್ಣು ಮುಚ್ಚಿ, ಅದರ ಮೇಲೆ ಆ ಬೆರಳನ್ನು ಆಡಿಸಿದರು. ಇನ್ನೊಂದು ತುಂಡು ಹಾಸಿದರು. ಆಮೇಲೆ ಎರಡನ್ನೂ ಮಡಚಿಟ್ಟರು. ಏನು ಗೊತ್ತಾಯಿತೆಂದು ನಾವು ಕೇಳಲಿಲ್ಲ.

ನಾನು ಬಾಯಿಗೆ ಬೀಗ ಹಾಕಿಕೊಂಡೆ. ಬಸ್ಸಿನಲ್ಲಿ ಕೂಗುವುದು ಸಂಬಳಕ್ಕೆ, ಮನೆಯಲ್ಲಿ ಇನ್ನು ಕೂಗುವುದಿಲ್ಲ ಎಂದು ತೀರ್ಮಾನಿಸಿದೆ. ಗಂಡ ಹಾಲು ಉಕ್ಕಿಸಿದ, ಸುಮ್ಮನೆ ಒರೆಸಿದೆ. ವಾಷರನ್ನು ಮೂಲೆಗೆ ತಳ್ಳಿ ಮೇಲೊಂದು ಗೋಣಿ ಹೊದಿಸಿದ, ಪೆಟ್ರೋಲ್ ಖಾಲಿ ಮಾಡಿದೆಯಾ ಎಂದು ಕೇಳಲಿಲ್ಲ. ಐದು ವಾರ ಹೀಗೇ ನಡೆಯಿತು. ಮನೆಯಲ್ಲಿ ಅಪ್ಪ ಮಗ ನನ್ನನ್ನು ನೋಡಿ ಮೊದಲಿಗಿಂತ ಹೆಚ್ಚು ಹೆದರುತ್ತಿದ್ದರು. ಒಳಗೆ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಆರನೇ ವಾರ ಮಾವ ಮತ್ತೆ ಹೊಲಿಗೆ ಯಂತ್ರದ ಮುಂದೆ ಕೂತರು. ಬ್ಯಾಂಕಿನ ಕ್ಯಾಷಿಯರರ ಬಿಳಿ ಅಂಗಿ. ಸಂಜೆ ನಾನು ಕೆಲಸದಿಂದ ಬಂದು ಚಪ್ಪಲಿ ಬಿಡುತ್ತಿದ್ದೆ. ಮುಂದಿನ ಕೋಣೆಯಲ್ಲಿ ಯಂತ್ರ ಓಡುತ್ತಲೇ ಇತ್ತು. ಗಂಡ ಮೇಜಿನ ಮೇಲಿಂದ ಏನನ್ನೋ ಸರಕ್ಕನೆ ಎಳೆದು ಬೆನ್ನ ಹಿಂದೆ ಹಿಡಿದ. ಆ ಸರಕ್ಕೆನ್ನುವ ಚಲನೆ ನನಗೆ ಚೆನ್ನಾಗಿ ಗೊತ್ತು. ಬಿರಡೆ ತಿರುಗಿಸಿದವನ ಚಲನೆ ಅದು.

“ಏನದು?” ಎಂದೆ, ಮೆಲ್ಲಗೆ.

“ಏನಿಲ್ಲ. ಬಟ್ಟೆ.”

ಮಾವ ಯಂತ್ರ ನಿಲ್ಲಿಸಿದರು. “ಏನೋ ಅದು? ಯಾಕೋ ಕಿತ್ಕೊಂಡೆ?”

“ಏನಿಲ್ಲ ಬಿಡಪ್ಪಾ, ಒಂಚೂರು...”

“ಕೊಡೋ ಇಲ್ಲಿ!”

ಮದುವೆಯಾದ ಹನ್ನೆರಡು ವರ್ಷದಲ್ಲಿ ಮಾವ ಧ್ವನಿ ಎತ್ತಿದ್ದನ್ನು ನಾನು ಕೇಳಿರಲಿಲ್ಲ. ಗೋಡೆಯ ನೂಲುಂಡೆಯೊಂದು ಉರುಳಿಬಿತ್ತು. ಗಂಡ ಅಂಗಿಯ ತೋಳನ್ನು ಮುಂದಕ್ಕೆ ಹಿಡಿದ. ಬಿಳಿ ಬಟ್ಟೆಯ ಮೇಲೆ ಮೂರು ಕಡೆ ರಕ್ತ. ಮಾವ ಮೊದಲು ಬಟ್ಟೆಯನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದರು, ಆಮೇಲೆ ತಮ್ಮ ಎಡಗೈ. ತೋರುಬೆರಳಿನ ತುದಿಯಲ್ಲಿ ಸೂಜಿ ಮುರಿದು ಕೂತಿತ್ತು. ಅವರಿಗೆ ಗೊತ್ತೇ ಆಗಿರಲಿಲ್ಲ.

“ಮುಚ್ಚಿಟ್ಟೇ ಈ ಬೆರಳು ಹೋಗಿದ್ದು,” ಎಂದರು ಮಗನಿಗೆ. “ನಾನೂ ಮುಚ್ಚಿಟ್ಟೆ, ನೀನೂ ಮುಚ್ಚಿಟ್ಟೆ. ಇನ್ನೂ ಮುಚ್ಚಿಡ್ತೀಯೇನೋ ದರಿದ್ರದವನೇ?”

ಆಮೇಲೆ ನನ್ನ ಕಡೆ ತಿರುಗಿದರು. ಸಿಟ್ಟು ಇಳಿದಿರಲಿಲ್ಲ.

“ನೀನ್ಯಾಕಮ್ಮ ಮೂಕಿ ಥರ ನಿಂತಿದ್ದೀಯಾ? ಚುಚ್ಚಿದ್ರೆ ನನಗೆ ಗೊತ್ತಾಗಲ್ಲ. ನೋಡಿದೋರು ಕೂಗ್ಬೇಕು ತಾನೆ? ಐದು ವಾರದಿಂದ ಕಾಯ್ತಿದ್ದೀನಿ. ಬೈ!”

ಬೈದೆ. ಐದು ವಾರದ್ದನ್ನೂ ಸೇರಿಸಿ ಬೈದೆ. ಹನ್ನೊಂದು ಗಂಟೆಯಿಂದ ಒಂದೂವರೆಯವರೆಗೆ ನೀರಲ್ಲಿ ಅದ್ದಿಟ್ಟ ಬೆರಳಿಗೆ ಬೈದೆ, ಬಿರಡೆಗೆ ಬೈದೆ, ಇಬ್ಬರನ್ನೂ ಹೆದರಿಸಿ ಇಟ್ಟುಕೊಂಡ ನನ್ನ ಬಾಯಿಗೂ ಬೈದೆ. ಪಕ್ಕದ ಮನೆಯ ಕಿಟಕಿ ತೆರೆಯಿತು. ಮಾವ ಬೆರಳನ್ನು ನನ್ನ ಕಡೆ ಚಾಚಿಕೊಂಡೇ ಕೂತಿದ್ದರು. ನಾನು ಬೈಯುತ್ತಲೇ ಅವರ ಮುಂದೆ ಮಂಡಿಯೂರಿ, ಚಿಮಟಿಗೆಯಿಂದ ಸೂಜಿಯ ತುಂಡು ಹಿಡಿದು ಎಳೆದೆ. ಅವರು ಕಣ್ಣು ಸಹ ಮಿಟುಕಿಸಲಿಲ್ಲ. “ಬಂತಾ?” ಎಂದು ಕೇಳಿದರು.