ಕೌದಿಯ ನಡುವಿನ ಜಾಗ

ಮತ್ತೆ ಗಂಟು ಬಿತ್ತು, ಹಾಳಾದ ದಾರ, ಮೇಣ ತಿಕ್ಕಿದರೂ ಮಾತು ಕೇಳುವುದಿಲ್ಲ, ಹಲ್ಲಿನಿಂದ ಕಡಿ, ಇನ್ನೊಮ್ಮೆ ಪೋಣಿಸು, ಬೇವಿನ ನೆರಳು ಆಗಲೇ ಹೊಸ್ತಿಲು ದಾಟಿದೆ, ಅಂಚಿನಿಂದ ಸುತ್ತಿ ಸುತ್ತಿ ಹೊಲಿಯುತ್ತ ಒಳಗೆ ಬಂದಿದ್ದೇನೆ, ನಡುವೆ ಅಂಗೈಯಗಲ ಜಾಗ ಉಳಿದಿದೆ, ಅದೊಂದು ತುಂಬಿದರೆ ಎದ್ದೇನು, ಆದರೆ ಏನು ತುಂಬಲಿ, ನನ್ನನ್ನೇ ಕೇಳಿಕೊಳ್ಳುತ್ತೇನೆ, ಹೇಳು ನೋಡೋಣ ಶಿವಬಸಮ್ಮಾ — ಮಗಳ ಚೊಚ್ಚಲ ಕೂಸಿನ ಕೌದಿ, ನಡುವೆ ಅಜ್ಜನ ಬಟ್ಟೆಯೇ ಆಗಬೇಕು, ನಮ್ಮ ಮನೆಯಲ್ಲಿ ಹಾಗೇ, ಕೂಸು ಅಜ್ಜನ ಎದೆಯ ಮೇಲೆ ಮಲಗಿದ ಹಾಗೆ. ಸತ್ತವರದು ಮಾತ್ರ ಒಂದು ಚೂರೂ ಸೇರಬಾರದು. ನನ್ನ ಗಂಡ ಬದುಕಿದ್ದಾರೋ ಸತ್ತಿದ್ದಾರೋ ಯಾರು ಹೇಳಬೇಕು, ಹೊಳೆ ಹೇಳಲಿಲ್ಲ. ಡ್ಯಾಮಿನ ಸೈರನ್ ಕೂಗಿದ ಮೇಲೂ, ಹೊಳ್ಯಾಗ ಹಾಕಿದ ಬಲೆ ಒಂದು ತಂದುಬಿಡ್ತೀನಿ, ಚಾ ಇಡು ಅಂದು ಹೋದವರು, ಚಹಾ ಕುದಿದು ಕುದಿದು ತಳ ಹತ್ತಿತು, ಹರಿಗೋಲು ಸಿಕ್ಕಿತು, ಬಲೆ ಸಿಕ್ಕಿತು, ಇವರು ಸಿಗಲಿಲ್ಲ, ಆಮೇಲೆ ಎಷ್ಟು ಸಲ ಹೊಳೆ ತುಂಬಿತು, ಎಷ್ಟು ಸಲ ಇಳಿಯಿತು, ನನಗೆ ಕುಂಕುಮ ಅಳಿಸಲೂ ಆಗದು, ಕನ್ನಡಿ ನೋಡಿ ಹಚ್ಚಿಕೊಳ್ಳಲೂ ಆಗದು. ಈ ಹಸಿರು ಕಕ್ಕೇರಾದ ಅಕ್ಕನ ಸೆರಗು, ಈ ಹೂವಿನದು ಶಹಾಪುರದ ದರ್ಜಿ ಹಜರಾಬೀ ಕೊಟ್ಟ ಚೂರು, ಕೂಸಿಗಿ ಮೆತ್ತಂದ ಬೇಕವ್ವಾ, ಇದ ತಗೊ ಅಂದಳು, ಈ ನೀಲಿ ಮಗಳು ರಾಧಿಕಾಳ ಸಾಲೆಯ ಲಂಗ, ಮಸಿಯ ಕಲೆ ಇನ್ನೂ ಇದೆ, ಟ್ರಂಕಿನ ತಳದಲ್ಲಿ ಮರೆತೇಹೋಗಿತ್ತು, ಅದರ ಕೆಳಗೇ ಇತ್ತು ಇವರ ಚೌಕಳಿ ಅಂಗಿ, ಬಿಳಿ ದಾರ ಸಿಗದೆ ಎದೆಯ ಗುಂಡಿಗೆ ನಾನು ಕೆಂಪು ದಾರ ಹಾಕಿದ್ದೆ, ಮಂದಿ ನಗ್ತಾರಲೇ ಅಂದರು, ತಾವೇ ನಗುತ್ತ ತೊಟ್ಟರು.

ಹಾಕಿದೇನ, ನನ್ನ ಮೌನ್ಯಾನ ಅಂಗಿ ಹಾಕಿದೇನ — ಅತ್ತೆ ಬಸ್ಸಮ್ಮ ಗೋಡೆಗೊರಗಿ ಬೆಳಗಿನಿಂದ ಇದೇ ರಾಗ, ಕಣ್ಣು ಮಂಜು, ಬಾಯಿ ಚೂಪು, ಅವ ಬರ್ತಾನ, ಮೊಮ್ಮಗನ್ನ ನೋಡಾಕರ ಬರ್ತಾನ, ದಿನಾ ಸಂಜೆ ಮಗನಿಗೆಂದು ಒಂದು ರೊಟ್ಟಿ ತೆಗೆದಿಡುತ್ತಾಳೆ, ಬೆಳಿಗ್ಗೆ ಅದನ್ನು ಎಮ್ಮೆಗೆ ಹಾಕುವವಳು ನಾನು, ಬದುಕಿದ್ದರೆ ಬರಲಿಲ್ಲವೇಕೆ ಎಂದು ಕಿರುಚಬೇಕೆನಿಸುತ್ತದೆ, ಆದರೆ ಒಂದು ದಿನ ಆ ರೊಟ್ಟಿ ಕಾಣದಿದ್ದರೆ ನನಗೇ ಜೀವ ಹಾರುತ್ತದೆ. ಒಳಗಿನಿಂದ ರಾಧಿಕಾ, ತುಂಬಿದ ಬಸುರಿ, ಅಪ್ಪನ ಅಂಗಿ ಹಾಕವ್ವಾ, ಏನ್ ವಿಚಾರ ಮಾಡಾಕತ್ತೀ — ಏನು ವಿಚಾರವೇ, ಹಾಕಿದ ಮೇಲೆ ಕೂಸಿಗೆ ಏನಾದರೂ ಆದರೆ, ಹಾಕದಿದ್ದರೆ ನಾನೇ ಇವರನ್ನು ಕೊಂದಂತೆ, ರಾಮಸಮುದ್ರದ ಬೀಗತಿ ಬಂದು ನಡುವೆ ಇದ್ಯಾರದ್ರಿ ಅಂದರೆ ಏನನ್ನಲಿ, ಸಾಕು, ಹಾಕಿಬಿಡುತ್ತೇನೆ, ಬದುಕಿದ್ದಾರೆ, ಬದುಕಿದ್ದಾರೆಂದೇ ಇಟ್ಟುಕೋ, ಕತ್ತರಿ ಎಲ್ಲಿ, ಅಂಗಿ ತೊಡೆಯ ಮೇಲೆ ಹರವಿದೆ, ಮೂಸಿದೆ, ಹೊಳೆಯ ವಾಸನೆಯಿಲ್ಲ, ಬೆವರಿನದೂ ಇಲ್ಲ, ಬರೀ ನುಸಿಗುಳಿಗೆ, ಕೆಂಪು ದಾರ ಕಣ್ಣಿಗೆ ಚುಚ್ಚುತ್ತದೆ, ಕತ್ತರಿಯ ಬಾಯಿ ತೆರೆದೆ —

ಕೈಯ ಮೇಲೆ ಕೈ. ಅತ್ತೆಯದು. ಯಾವಾಗ ತೆವಳಿಕೊಂಡು ಬಂದಳು, ಅಂಗಿಯನ್ನು ಸವರುತ್ತಿದ್ದಾಳೆ, ಕೊರಳಪಟ್ಟಿ, ಜೇಬು, ಬೆರಳು ಗುಂಡಿಯ ಮೇಲೆ ನಿಂತಿತು. ಬ್ಯಾಡ. ಏನ್ ಬ್ಯಾಡ ಅತ್ತಿ? ಇದು ಬ್ಯಾಡವ್ವಾ, ಕೂಸಿನ ಕೌದಿಗಿ ಇದು ಬ್ಯಾಡ, ನನ್ನ ಸೀರಿ ಹರಿದು ಹಾಕು, ನಾ ಇನ್ನಾ ಇದ್ದೀನಿ. ಸೆರಗು ಹಲ್ಲಿಗೆ ಕೊಟ್ಟು ತಾನೇ ಹರಿದಳು, ಚರ್ರನೆ, ರೊಟ್ಟಿ ತೆಗೆದಿಡುವ ಅತ್ತೆ, ಬರ್ತಾನ ಬರ್ತಾನ ಅನ್ನುವ ಅತ್ತೆ, ಅವಳೇ ಬ್ಯಾಡ ಅಂದಳು, ಮಗ ಇಲ್ಲವೆಂದು ಇಷ್ಟು ದಿನ ಅವಳಿಗೂ ಗೊತ್ತಿತ್ತೇ, ಹಾಗಾದರೆ ಇವತ್ತು ಸಂಜೆ ಎಷ್ಟು ರೊಟ್ಟಿ ಬಡಿಯಲಿ, ರಾಧಿಕಾಗೆ ಏನು ಹೇಳಲಿ, ಸೂಜಿ ಎಲ್ಲಿ, ಕೈಯಲ್ಲೇ ಇದೆ, ಪೋಣಿಸಬೇಕು, ಬಿಳಿ ದಾರ, ಬಿಳಿಯದೇ — ಅಂಗಿ ಅವಳ ಮಡಿಲಲ್ಲಿದೆ, ಹೆಬ್ಬೆರಳು ಗುಂಡಿಯನ್ನು ತಿಕ್ಕುತ್ತಲೇ ಇದೆ, ಉಗುರಿನ ಕೆಳಗೆ ಕೆಂಪು ದಾರ, ನಾನು ಹಾಕಿದ ಗಂಟು, ಕೆಂಪು ದಾರ